ಎರಡಾಗುವ ಹಡಗು: ‘ಹೈ ಗಾರ್ಡ್’ ಪುಸ್ತಕ ಹಿಡಿದು ಐದು ತಿಂಗಳು

ಪೀಣ್ಯದಲ್ಲಿ ನನ್ನದು ಎಸ್ಟಿಮೇಶನ್ ಕೆಲಸ. ಸ್ಟೀಲ್ ಟ್ಯಾಂಕು, ಹಾಪರ್, ಡಕ್ಟು. ಡ್ರಾಯಿಂಗ್ ಬರುತ್ತದೆ. ಶೀಟು ಎಷ್ಟು ಕೆಜಿ, ವೆಲ್ಡಿಂಗ್ ಎಷ್ಟು ಮೀಟರ್, ಲಾರಿ ಬಾಡಿಗೆ ಎಷ್ಟು ಅಂತ ಲೆಕ್ಕ ಹಾಕಿ ಕೊಟೇಶನ್ ಕೊಡಬೇಕು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಇಲ್ಲಿ ಮೊದಲ ವರ್ಷವೇ ಕಲಿಯುವ ಪಾಠ ಒಂದಿದೆ. ಒಂದೇ ತುಂಡಿನ ಟ್ಯಾಂಕ್ ಅಗ್ಗ. ಅದೇ ಟ್ಯಾಂಕನ್ನು ಎರಡು ತುಂಡು ಮಾಡಿ ಕಳಿಸಿ, ಸೈಟಿನಲ್ಲಿ ಬೋಲ್ಟ್ ಹಾಕಿ ಜೋಡಿಸಿಕೊಳ್ಳುತ್ತೇವೆ ಅಂದರೆ ರೇಟು ಬೇರೆ. ಎರಡು ಫ್ಲೇಂಜ್ ಬೇಕು, ಅಂದರೆ ಬೋಲ್ಟ್ ಹಾಕಲು ತುದಿಯಲ್ಲಿ ಕೂರಿಸುವ ತೂತುಗಳಿರುವ ಪಟ್ಟಿ. ಅವುಗಳ ಮುಖ ಮೆಷಿನ್ ಆಗಬೇಕು. ಗ್ಯಾಸ್ಕೆಟ್ ಬೇಕು, ಬೋಲ್ಟು ಬೇಕು. ತೂತಿಗೆ ತೂತು ಕೂರುತ್ತಾ ಅಂತ ಒಮ್ಮೆ ಇಲ್ಲೇ ಜೋಡಿಸಿ, ನೋಡಿ, ಬಿಚ್ಚಿ ಕಳಿಸಬೇಕು. ಗಿರಾಕಿಗಳು ‘ಶೀಟು ಅಷ್ಟೇ ಇದೆಯಲ್ಲ ಸಾರ್, ರೇಟ್ ಯಾಕೆ ಜಾಸ್ತಿ?’ ಅಂತ ಕೇಳುತ್ತಾರೆ. ಖರ್ಚೆಲ್ಲಾ ಆ ಜಾಯಿಂಟಿನಲ್ಲೇ ಇರುತ್ತದೆ ಅಂತ ಅವರಿಗೆ ಅರ್ಥ ಮಾಡಿಸುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ.

ನಾನು ಇಲ್ಲಿ ಬರೆಯಲು ಹೊರಟಿರುವ ಪುಸ್ತಕಕ್ಕೆ ಈ ವಿಷಯ ಗೊತ್ತಿದೆ. ಅದಕ್ಕೇ ನನಗೆ ಅದು ಇಷ್ಟು ಹಿಡಿಸಿತು.

ಪುಸ್ತಕದ ಹೆಸರು ‘ಹೈ ಗಾರ್ಡ್’. ಟ್ರಾವೆಲರ್ ಅನ್ನುವ ಆಟಕ್ಕೆ ಹಡಗು ಕಟ್ಟುವ ನಿಯಮಗಳ ಪುಸ್ತಕ. ನೀರಿನ ಹಡಗಲ್ಲ, ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವ ಹಡಗು. ಟ್ರಾವೆಲರ್ ಗೊತ್ತಿಲ್ಲದವರಿಗೆ ಎರಡು ಮಾತು: ಇದು ಮೇಜಿನ ಸುತ್ತ ಕೂತು ಆಡುವ ರೋಲ್ ಪ್ಲೇಯಿಂಗ್ ಆಟ. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಇದರಲ್ಲಿ ರೆಫರಿ ಅನ್ನುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿದು ‘ನಾನು ಹೀಗೆ ಮಾಡುತ್ತೇನೆ’ ಅನ್ನುತ್ತಾರೆ. ಆಗುತ್ತೋ ಇಲ್ವೋ ಅನ್ನುವ ಕಡೆ ಎರಡು ದಾಳ ಹಾಕಬೇಕು. ಮಾಮೂಲಿ ಆರು ಮುಖದ ದಾಳಗಳೇ ಸಾಕು, ಲೂಡೋ ಡಬ್ಬಿಯಲ್ಲಿ ಇರುವಂಥವು. ಆಟ 1977ರಷ್ಟು ಹಳೆಯದು. ಅಮೆರಿಕದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಹೊರತಂದದ್ದು, ಮಾರ್ಕ್ ಮಿಲ್ಲರ್ ಬರೆದದ್ದು. ‘ಹೈ ಗಾರ್ಡ್’ ಅನ್ನುವ ಹೆಸರಿನ ಪುಸ್ತಕ ಮೊದಲು ಬಂದದ್ದು 1979ರಲ್ಲಿ. ಈಗ ಆಟವನ್ನು ಪ್ರಕಟಿಸುತ್ತಿರುವುದು ಇಂಗ್ಲೆಂಡಿನ ಮಂಗೂಸ್ ಪಬ್ಲಿಷಿಂಗ್. ನನ್ನ ಹತ್ತಿರ ಇರುವುದು ಅವರ ಎರಡನೇ ಆವೃತ್ತಿಯ, 2022ರಲ್ಲಿ ತಿದ್ದಿದ ಪುಸ್ತಕ.

ಹೆಸರಿನ ಹಿಂದೆ ಒಂದು ಚಂದದ ಸಂಗತಿ ಇದೆ. ಈ ಆಟದಲ್ಲಿ ಹಡಗಿಗೆ ಇಂಧನ ಅಂದರೆ ಹೈಡ್ರೋಜನ್. ಬಂದರಿನಲ್ಲಿ ಕೊಳ್ಳಬಹುದು, ಇಲ್ಲಾಂದ್ರೆ ಗುರುಗ್ರಹದಂಥ ಅನಿಲ ಗ್ರಹದ ಮೇಲ್ಭಾಗದಲ್ಲಿ ಹಾರಿ ಮೊಗೆದುಕೊಳ್ಳಬಹುದು. ಹೀಗೆ ಕೆಳಗೆ ಕೆಲವು ಹಡಗು ಇಂಧನ ತುಂಬಿಕೊಳ್ಳುವಾಗ ಮೇಲೆ ಕಾವಲು ನಿಲ್ಲುವ ಹಡಗುಗಳಿಗೆ ಹೈ ಗಾರ್ಡ್ ಅನ್ನುತ್ತಾರೆ. ಕೆರೆಗೆ ದನ ಇಳಿದಾಗ ಏರಿ ಮೇಲೆ ಒಬ್ಬ ನಿಂತಿರುತ್ತಾನಲ್ಲ, ಹಾಗೆ.

ನಾನು ಕೊಂಡದ್ದು ಪಿಡಿಎಫ್. ಬೇಕಾದ ಪುಟಗಳನ್ನು ಪ್ರಿಂಟ್ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿದೆ. ಫೋನಿನಲ್ಲಿ ಓದುತ್ತೇನೆ ಅನ್ನುವವರಿಗೆ ಒಂದು ಮಾತು: ಬೇಡ. ತುಂಬಾ ಟೇಬಲ್‌ಗಳಿವೆ. ಒಂದು ಕೈ ಬ್ರಿಡ್ಜ್ (ಹಡಗು ನಡೆಸುವ ಕೋಣೆ) ಪುಟದಲ್ಲಿ, ಒಂದು ಕೈ ಪವರ್ ಪ್ಲಾಂಟ್ ಪುಟದಲ್ಲಿ ಇಟ್ಟುಕೊಂಡೇ ಕೆಲಸ ಮಾಡಬೇಕು. ಮತ್ತೆ ಇದೊಂದೇ ಇದ್ದರೆ ಆಟ ಆಡಲಾಗಲ್ಲ, ಮೂಲ ನಿಯಮ ಪುಸ್ತಕ ಬೇರೆ ಕೊಳ್ಳಬೇಕು.

ಹಡಗು ಕಟ್ಟುವ ಕ್ರಮ ಹೀಗಿದೆ. ಮೊದಲು ಎಷ್ಟು ಟನ್ನಿನ ಹಡಗು ಅಂತ ನಿರ್ಧಾರ. ಟನ್ ಇಲ್ಲಿ ತೂಕದ ಲೆಕ್ಕವಲ್ಲ, ಜಾಗದ ಲೆಕ್ಕ. ಒಂದು ಟನ್ ದ್ರವ ಹೈಡ್ರೋಜನ್ ಹಿಡಿಸುವಷ್ಟು ಜಾಗ, ಅಂದರೆ 14 ಘನ ಮೀಟರ್. ಆಮೇಲೆ ಆ ಜಾಗವನ್ನು ಹಂಚುತ್ತಾ ಹೋಗಬೇಕು. ಒಬ್ಬರು ಮಲಗುವ ಸ್ಟೇಟ್‌ರೂಮ್‌ಗೆ 4 ಟನ್. ಎಂಜಿನ್‌ಗೆ ಇಷ್ಟು, ಇಂಧನಕ್ಕೆ ಇಷ್ಟು. ಉಳಿದದ್ದು ಸರಕಿಗೆ. ಮೂವತ್ತು ಬೈ ನಲವತ್ತರ ಸೈಟಿನಲ್ಲಿ ಮನೆ ಕಟ್ಟುವವರು ಪ್ಲಾನ್ ಹಾಕುವ ಹಾಗೆ. ದೇವರ ಕೋಣೆ ದೊಡ್ಡದಾದರೆ ಅಡುಗೆಮನೆ ಚಿಕ್ಕದಾಗುತ್ತೆ, ಅಷ್ಟೇ.

ಎಲ್ಲಕ್ಕಿಂತ ಜಾಸ್ತಿ ಜಾಗ ತಿನ್ನುವುದು ಜಂಪ್ ಇಂಧನ. ನಕ್ಷತ್ರಗಳ ನಡುವೆ ಜಿಗಿಯುವುದಕ್ಕೆ ಇಲ್ಲಿ ಜಂಪ್ ಅನ್ನುತ್ತಾರೆ. ಪಾರ್ಸೆಕ್ ಅಂದರೆ ನಕ್ಷತ್ರಗಳ ದೂರ ಅಳೆಯುವ ಮಾನ, ಸುಮಾರು ಮೂರೂಕಾಲು ಬೆಳಕಿನ ವರ್ಷ. ಒಂದು ಪಾರ್ಸೆಕ್ ದೂರಕ್ಕೆ ಹಡಗಿನ ಹತ್ತರಲ್ಲಿ ಒಂದು ಪಾಲು ಜಾಗ ಇಂಧನಕ್ಕೇ ಹೋಗುತ್ತದೆ. ಎರಡು ಪಾರ್ಸೆಕ್ ಅಂದರೆ ಐದರಲ್ಲಿ ಒಂದು. ದೂರ ಎಷ್ಟೇ ಇರಲಿ, ಒಂದು ಜಂಪ್‌ಗೆ ಸುಮಾರು ಒಂದು ವಾರ. ಇನ್ನೊಂದು ಮುಖ್ಯ ವಿಷಯ: ಈ ಆಟದ ಲೋಕದಲ್ಲಿ ಹಡಗಿಗಿಂತ ವೇಗವಾಗಿ ಹೋಗುವ ಫೋನು, ರೇಡಿಯೋ ಯಾವುದೂ ಇಲ್ಲ. ಸುದ್ದಿ ಕೂಡ ಹಡಗಿನಲ್ಲೇ ಹೋಗಬೇಕು, ಟಪಾಲಿನ ಹಾಗೆ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ನನಗೆ ಬೇಕಾದ ವಿಷಯಕ್ಕೆ ಬರುತ್ತೇನೆ. ಹಡಗನ್ನು ತುಂಡು ತುಂಡಾಗಿ ಕಟ್ಟುವುದು. ಈ ಪುಸ್ತಕದಲ್ಲಿ ಅದಕ್ಕೆ ಹಲವು ದಾರಿಗಳಿವೆ. ಸುಲಭದ್ದು ಡಾಕಿಂಗ್ ಕ್ಲ್ಯಾಂಪ್. ದೊಡ್ಡ ಹಡಗಿನ ಹೊರಗೆ ಚಿಕ್ಕ ಹಡಗನ್ನು ಕಚ್ಚಿ ಹಿಡಿದುಕೊಂಡು ಹೋಗುವುದು. ಹೊತ್ತ ಭಾರವನ್ನೂ ಸೇರಿಸಿ ವೇಗ ಲೆಕ್ಕ ಹಾಕಬೇಕು, ಅಷ್ಟೇ. ಇನ್ನೊಂದು ಮಾಡ್ಯುಲರ್ ಹಲ್. ಹಲ್ ಅಂದರೆ ಹಡಗಿನ ಮೈ. ಹಡಗಿನ ಒಳಗಿನ ಜಾಗದಲ್ಲಿ ಶೇಕಡಾ 75ರವರೆಗೆ ಬದಲಾಯಿಸಬಹುದಾದ ಭಾಗ ಅಂತ ಬಿಡಬಹುದು. ಬ್ರಿಡ್ಜ್, ಎಂಜಿನ್, ಪವರ್ ಪ್ಲಾಂಟ್ ಮಾತ್ರ ಖಾಯಂ ಭಾಗದಲ್ಲೇ ಇರಬೇಕು. ಇದಕ್ಕೆ ಈ ಆಟದಲ್ಲಿ ಹಳೆಯ ಉದಾಹರಣೆ ಮಾಡ್ಯುಲರ್ ಕಟರ್. 50 ಟನ್ನಿನ ಪುಟ್ಟ ಹಡಗು, ಅದರಲ್ಲಿ 30 ಟನ್ ಕಳಚುವ ಡಬ್ಬಿ. ಇವತ್ತು ಇಂಧನದ ಡಬ್ಬಿ, ನಾಳೆ ಸಾಮಾನಿನ ಡಬ್ಬಿ. ಡಬ್ಬಿಯನ್ನು ನೆಲದ ಮೇಲೆ ಇಟ್ಟು ಕಟರ್ ವಾಪಸ್ ಹೋಗಿಬಿಡಬಹುದು. ಯಶವಂತಪುರದ ಕಡೆ ಟ್ರೇಲರ್ ನಿಲ್ಲಿಸಿ ಮುಂದಿನ ಎಂಜಿನ್ ಮಾತ್ರ ಕಳಚಿಕೊಂಡು ಹೋಗುವ ಡ್ರೈವರ್‌ಗಳನ್ನು ನೋಡಿದ್ದರೆ ಇದು ತಕ್ಷಣ ಅರ್ಥ ಆಗುತ್ತದೆ.

ಟ್ರಾವೆಲರ್ ಲೋಕಕ್ಕೆ ಈ ಬುದ್ಧಿ ಮೊದಲಿನಿಂದಲೂ ಇದೆ. ಟಪಾಲು ಒಯ್ಯುವ ಎಕ್ಸ್‌ಬೋಟ್ ಅಂತ ಒಂದಿದೆ, 100 ಟನ್ನಿನದು. ಅದಕ್ಕೆ ನಾಲ್ಕು ಪಾರ್ಸೆಕ್ ಜಿಗಿಯುವ ಜಂಪ್ ಡ್ರೈವ್ ಇದೆ, ಆದರೆ ಅತ್ತಿತ್ತ ಓಡಾಡುವ ಎಂಜಿನ್ನೇ ಇಲ್ಲ. ಬಂದು ಬಿದ್ದಲ್ಲೇ ಬಿದ್ದಿರುತ್ತದೆ. ಟೆಂಡರ್ ಅನ್ನುವ ಇನ್ನೊಂದು ಹಡಗು ಹೋಗಿ ಎತ್ತಿಕೊಂಡು ಬರುತ್ತದೆ. ಯುದ್ಧದಲ್ಲಿ ಬ್ಯಾಟಲ್ ರೈಡರ್‌ಗಳದು ಇದರ ಉಲ್ಟಾ. ಅವುಗಳಿಗೆ ಜಂಪ್ ಡ್ರೈವ್ ಇಲ್ಲ. ಆ ಜಾಗವನ್ನೆಲ್ಲ ತೋಪಿಗೆ, ಕವಚಕ್ಕೆ ಕೊಟ್ಟಿರುತ್ತಾರೆ. ಇನ್ನೊಂದು ದೊಡ್ಡ ಹಡಗು ಹೊತ್ತು ತಂದು ಬಿಡಬೇಕು. ಎಲ್ಲವನ್ನೂ ಒಬ್ಬನೇ ಹೊರುವ ಬದಲು ಹಂಚಿಕೊಳ್ಳುವ ಲೆಕ್ಕ.

ಆದರೆ ನಮ್ಮ ಗುಂಪಿಗೆ ಬೇಕಾಗಿದ್ದು ಮೂರನೇ ದಾರಿ. ಬ್ರೇಕ್‌ಅವೇ ಹಲ್. ಒಂದೇ ಹಡಗಾಗಿ ಹೋಗುತ್ತಿರುತ್ತದೆ, ಬೇಕಾದಾಗ ಎರಡು ಪೂರ್ತಿ ಹಡಗುಗಳಾಗಿ ಬೇರೆಯಾಗುತ್ತದೆ. ಯಾವುದೂ ಡಬ್ಬಿಯಲ್ಲ, ಎರಡೂ ಹಡಗೇ.

ನಾವು ಐದು ಜನ. ನಾನು ರೆಫರಿ. ನನ್ನ ತಂಗಿ, ಅವಳ ಗಂಡ, ನಮ್ಮ ಆಫೀಸಿನ ಡ್ರಾಫ್ಟ್ಸ್‌ಮನ್, ಮತ್ತೆ ಕೆಳಗಿನ ಮನೆಯ ಹುಡುಗಿ, ಎಂಜಿನಿಯರಿಂಗ್ ಮೂರನೇ ವರ್ಷ. 2025ರ ಫೆಬ್ರವರಿಯಲ್ಲಿ ಶುರು ಮಾಡಿದೆವು. ಬೇರೆಯಾಗುವ ಹಡಗು ಬೇಕು ಅಂತ ಪಟ್ಟು ಹಿಡಿದವಳು ಆ ಹುಡುಗಿ. ಹಿಂದಿನ ತಿಂಗಳು 16ನೇ ತಾರೀಕು ಇಸ್ರೋದ ಸ್ಪೇಡೆಕ್ಸ್ ಪ್ರಯೋಗದಲ್ಲಿ ಎರಡು ಉಪಗ್ರಹಗಳು ಕಕ್ಷೆಯಲ್ಲಿ ಜೋಡಿಯಾಗಿದ್ದವು. ಒಂದೊಂದೂ ಸುಮಾರು 220 ಕೆಜಿ. ಅವಳಿಗೆ ಅದರದ್ದೇ ಗುಂಗು. ನಾನು ಪುಸ್ತಕದಿಂದ ಓದಿ ಹೇಳಿದೆ, ‘ಜೋಡಿಯಾಗಿ ಇರುವಾಗ ಎರಡೂ ಭಾಗದ ಎಂಜಿನ್, ಪವರ್ ಪ್ಲಾಂಟ್ ಒಟ್ಟಿಗೆ ಸೇರಿಸಿ ಲೆಕ್ಕ ಹಾಕಬಹುದು’ ಅಂತ. ಅವಳು ಪಟ್ಟನೆ, ‘ಅಂಕಲ್, ಸ್ಪೇಡೆಕ್ಸ್‌ನಲ್ಲೂ ಅದೇ ನೋಡ್ತಾರೆ. ಜೋಡಿಸಿದ ಮೇಲೆ ಒಂದರಿಂದ ಇನ್ನೊಂದಕ್ಕೆ ಕರೆಂಟ್ ಕೊಡೋದು’ ಅಂದಳು. ಮಾರ್ಚ್ 13ರಂದು ಅವು ಬೇರೆಯಾದವು. ಅಷ್ಟರಲ್ಲಿ ನಮ್ಮ ಹಡಗಿನ ಎರಡನೇ ಡ್ರಾಯಿಂಗ್ ಮುಗಿದಿತ್ತು.

ಹಡಗಿಗೆ ಹೆಸರು ಇಟ್ಟದ್ದು ತಂಗಿಯ ಗಂಡ. ಅವರದು ಮಂಡ್ಯದ ಕಡೆ ಬೇಸಾಯದ ಮನೆ. ‘ಜೋಡೆತ್ತು’ ಅಂದರು. ಮುಂದಿನ ಭಾಗ ಕೆಂಚ, ಹಿಂದಿನ ಭಾಗ ಕರಿಯ. ಅವರ ಮನೆಯಲ್ಲಿ ಹಿಂದೆ ಇದ್ದ ಎತ್ತುಗಳ ಹೆಸರು. ಯಾರೂ ಎರಡನೇ ಮಾತು ಆಡಲಿಲ್ಲ.

ಜೋಡೆತ್ತು ಒಟ್ಟು 400 ಟನ್. ಕೆಂಚ 100, ಕರಿಯ 300. ಕೆಂಚ ಚುರುಕು, ಗ್ರಹಕ್ಕೆ ಇಳಿದು ಹತ್ತಿ ಓಡಾಡುವುದು ಅವನ ಕೆಲಸ. ಜಂಪ್ ಡ್ರೈವ್, ಸರಕು ಎಲ್ಲ ಕರಿಯನ ಹತ್ತಿರ.

ಬ್ರೇಕ್‌ಅವೇ ನಿಯಮ ಇರುವುದು ಒಂದು ಪುಟ್ಟ ಪ್ಯಾರಾದಲ್ಲಿ. ಪ್ರತಿ ಭಾಗಕ್ಕೂ ಅದರದೇ ಬ್ರಿಡ್ಜ್, ಅದರದೇ ಪವರ್ ಪ್ಲಾಂಟ್ ಇರಬೇಕು. ಜೊತೆಗೆ ಒಟ್ಟು ಹಡಗಿನ ಶೇಕಡಾ 2ರಷ್ಟು ಜಾಗ ಜೋಡಣೆಗೆ, ನಡುವಿನ ಗೋಡೆಗಳಿಗೆ ಹೋಗುತ್ತದೆ. ಆ ಜಾಗಕ್ಕೆ ಟನ್ನಿಗೆ 2 ಮೆಗಾಕ್ರೆಡಿಟ್, ಅಂದರೆ 20 ಲಕ್ಷ ಕ್ರೆಡಿಟ್. ಕ್ರೆಡಿಟ್ ಅನ್ನುವುದು ಈ ಆಟದ ದುಡ್ಡು.

ಶೇಕಡಾ 2 ಅಂದಾಗ ಎಲ್ಲರೂ ‘ಅಷ್ಟೇನಾ!’ ಅಂದರು. ನಾನು ಕ್ಯಾಲ್ಕುಲೇಟರ್ ತೆಗೆದೆ. 400 ಟನ್ನಿಗೆ ಶೇಕಡಾ 2 ಅಂದರೆ 8 ಟನ್. 20 ಲಕ್ಷದ ಹಾಗೆ 1 ಕೋಟಿ 60 ಲಕ್ಷ. ಹಡಗಿನ ಹಲ್, ಅಂದರೆ ಇಡೀ ಮೈ, ಟನ್ನಿಗೆ 50 ಸಾವಿರದ ಹಾಗೆ 2 ಕೋಟಿ. ಮೈಗೆ 2 ಕೋಟಿ, ನಡುವಿನ ಜಾಯಿಂಟಿಗೆ 1 ಕೋಟಿ 60 ಲಕ್ಷ! ಯಾವ ಸೈಜಿನ ಹಡಗಿಗೆ ಹಾಕಿದರೂ ಇದೇ ಲೆಕ್ಕ ಬರುತ್ತದೆ. ಮೈಗೆ ನೂರು ರೂಪಾಯಿ ಆದರೆ ಜಾಯಿಂಟಿಗೆ ಎಂಬತ್ತು.

ನಾನೂ ಡ್ರಾಫ್ಟ್ಸ್‌ಮನ್ನೂ ಮುಖ ಮುಖ ನೋಡಿಕೊಂಡೆವು. ದಿನಾ ಆಫೀಸಿನಲ್ಲಿ ನೋಡುವ ಸತ್ಯ ಇಲ್ಲಿ, ಒಂದು ಆಟದ ಪುಸ್ತಕದ ಒಂದು ಸಾಲಿನಲ್ಲಿ ಕೂತಿದೆ. ‘ಫ್ಲೇಂಜ್ ರೇಟ್ ಕರೆಕ್ಟಾಗಿ ಹಾಕಿದ್ದಾರೆ ಸಾರ್’ ಅಂದ. ಬರೆದವರು ಯಾವತ್ತಾದರೂ ವರ್ಕ್‌ಶಾಪಿನಲ್ಲಿ ನಿಂತಿರಬೇಕು ಅಂತ ನನಗೆ ಅವತ್ತು ಅನಿಸಿತು.

ಜಾಯಿಂಟ್ ಮಾತ್ರ ಅಲ್ಲ, ಎರಡೆರಡು ಆಗುವ ಸಾಮಾನೂ ಇದೆ. 400 ಟನ್ನಿನ ಒಂದೇ ಹಡಗಾದರೆ 20 ಟನ್ನಿನ ಒಂದು ಬ್ರಿಡ್ಜ್ ಸಾಕು. ನಮಗೆ ಕರಿಯನಿಗೆ 20, ಕೆಂಚನಿಗೆ 10, ಒಟ್ಟು 30. ಓಡಾಡುವ ಎಂಜಿನ್ ಒಂದೇ ಆಗಿದ್ದರೆ 8 ಟನ್ನಿನಲ್ಲಿ ಥ್ರಸ್ಟ್ (ಎಂಜಿನ್ ತಳ್ಳುವ ಶಕ್ತಿ) 2 ಬರುತ್ತಿತ್ತು. ನಾವು ಕೆಂಚನಿಗೆ ಥ್ರಸ್ಟ್ 4 ಬೇಕು ಅಂತ 4 ಟನ್, ಕರಿಯನಿಗೆ ಥ್ರಸ್ಟ್ 2ಕ್ಕೆ 6 ಟನ್ ಹಾಕಿದೆವು. ಒಟ್ಟು 10. ಪವರ್ ಪ್ಲಾಂಟ್ ಒಂದೇ ಆದರೆ 11 ಟನ್, ಎರಡಾದ್ದರಿಂದ 5 ಮತ್ತು 10, ಒಟ್ಟು 15. ಎಲ್ಲ ಕೂಡಿಸಿದರೆ ಬೇರೆಯಾಗುವ ಆಸೆಗೆ ನಾವು ಕೊಟ್ಟ ಜಾಗ 24 ಟನ್. ಆರು ಸ್ಟೇಟ್‌ರೂಮ್ ಹಾಕಬಹುದಾಗಿದ್ದ ಜಾಗ. ಆರು ಪ್ರಯಾಣಿಕರ ಟಿಕೆಟ್ ದುಡ್ಡು ಪ್ರತಿ ಟ್ರಿಪ್ಪಿಗೂ ಹೋಯಿತು ಅಂತ ತಂಗಿ ಲೆಕ್ಕ ಬರೆದಿಟ್ಟಳು. ಅವಳ ಪಾತ್ರ ಹಡಗಿನ ಪೈಲಟ್, ಆದರೆ ದುಡ್ಡಿನ ಪುಸ್ತಕವೂ ಅವಳ ಕೈಯಲ್ಲೇ.

ಡೆಕ್ ಪ್ಲಾನ್ ಬಿಡಿಸುವಾಗ ಈ 24 ಟನ್ ಕಣ್ಣಿಗೆ ಕಾಣುತ್ತದೆ. ಒಂದು ಟನ್ನಿಗೆ ಒಂದೂವರೆ ಮೀಟರಿನ ಎರಡು ಚೌಕ. ನಾವು ಮಕ್ಕಳ ಚೌಕಳಿ ಲೆಕ್ಕದ ಪುಸ್ತಕದಲ್ಲೇ ಬಿಡಿಸಿದೆವು. ಡ್ರಾಫ್ಟ್ಸ್‌ಮನ್ ಕ್ಯಾಡ್‌ನಲ್ಲಿ ಮಾಡುತ್ತೇನೆ ಅಂದ, ಹುಡುಗಿ ಬೇಡ ಅಂದಳು, ಎಲ್ಲರೂ ಸುತ್ತ ಕೂತು ಪೆನ್ಸಿಲ್ ಹಿಡಿಯಬೇಕು ಅಂತ. ಅದೇ ಸರಿ. ಜಾಯಿಂಟಿನ 16 ಚೌಕಗಳನ್ನು ಅವಳು ಕೆಂಪು ಬಣ್ಣದಲ್ಲಿ ತುಂಬಿದಳು. ಹಡಗಿನ ಕುತ್ತಿಗೆಗೆ ಕೆಂಪು ಪಟ್ಟಿ ಕಟ್ಟಿದ ಹಾಗೆ ಕಾಣುತ್ತಿತ್ತು. ಚಿತ್ರದ ಸ್ಕೇಲ್ ವಿಷಯದಲ್ಲಿ ಒಂದು ಎಚ್ಚರಿಕೆ: ಝೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಹೊಂದಿಸಿ ಪ್ರಿಂಟ್ ಹಾಕಿಬಿಡುತ್ತಾರೆ. ನಮಗೆ ಒಮ್ಮೆ ಹಾಗಾಗಿ ಚೌಕವೆಲ್ಲ ಕುಗ್ಗಿ, ನಮ್ಮ ಪಾತ್ರಗಳ ಗೊಂಬೆ ಇಟ್ಟರೆ ಕೂರುತ್ತಿರಲಿಲ್ಲ. ಮೊದಲೇ ಹೇಳಿ, ಅಳತೆ ಬದಲಾಯಿಸಬೇಡಿ ಅಂತ.

ಈಗ ಹೇಳುವುದು ನನಗೆ ಈ ಪುಸ್ತಕದಲ್ಲಿ ಸಿಕ್ಕ ಅತಿ ದೊಡ್ಡ ಸಂತೋಷ. ಜಂಪ್ ಡ್ರೈವ್ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಪ್ರತಿ ಪಾರ್ಸೆಕ್‌ಗೆ ಹಡಗಿನ ಶೇಕಡಾ 2.5, ಅದರ ಮೇಲೆ 5 ಟನ್. ಜೋಡೆತ್ತಿಗೆ ಎರಡು ಪಾರ್ಸೆಕ್ ಬೇಕು ಅಂದರೆ 20 ಮತ್ತು 5, ಒಟ್ಟು 25 ಟನ್. ಇಂಧನ 80 ಟನ್. ಒಂದು ರಾತ್ರಿ ಊಟ ಆದ ಮೇಲೆ ಸುಮ್ನೆ ಕೂತು, ಕೆಂಚ ಇಲ್ಲದೆ ಕರಿಯ ಒಬ್ಬನೇ ಹೋದರೆ ಎಷ್ಟು ದೂರ ಹೋಗಬಹುದು ಅಂತ ಹಾಕಿ ನೋಡಿದೆ. 300 ಟನ್ನಿಗೆ ಮೂರು ಪಾರ್ಸೆಕ್ ಅಂದರೆ 22.5 ಮತ್ತು 5, ಒಟ್ಟು 27.5 ಟನ್. ಇಂಧನ 90.

ಬರೀ ಎರಡೂವರೆ ಟನ್ ವ್ಯತ್ಯಾಸ! ಡ್ರೈವ್ ಎರಡೂವರೆ ಟನ್ ದೊಡ್ಡದು ಮಾಡಿ, ಇಂಧನದ ಟ್ಯಾಂಕ್ 10 ಟನ್ ಜಾಸ್ತಿ ಮಾಡಿದರೆ, ಕೆಂಚನನ್ನು ಬಿಟ್ಟು ಹೋದ ದಿನ ಕರಿಯ ಎರಡರ ಬದಲು ಮೂರು ಪಾರ್ಸೆಕ್ ಜಿಗಿಯುತ್ತಾನೆ. ಡ್ರೈವಿಗೆ ಟನ್ನಿಗೆ 15 ಲಕ್ಷ, ಎರಡೂವರೆ ಟನ್ನಿಗೆ 37 ಲಕ್ಷ 50 ಸಾವಿರ. ಕರೆಂಟ್ ಲೆಕ್ಕ ನೋಡಿದೆ. ಕರಿಯನ 10 ಟನ್ನಿನ ಪ್ಲಾಂಟ್ ಕೊಡುವುದು 150 ಯೂನಿಟ್. ಹಡಗಿನ ಮಾಮೂಲಿ ಖರ್ಚು 60, ಮೂರು ಪಾರ್ಸೆಕ್ ಜಂಪ್‌ಗೆ 90. ಸರಿಯಾಗಿ 150. ಒಂದೇ ಒಂದು ಯೂನಿಟ್ ಉಳಿಯುವುದಿಲ್ಲ. ಜಿಗಿಯುವ ಹೊತ್ತಿನಲ್ಲಿ ಎಂಜಿನ್ ನಿಲ್ಲಿಸಬೇಕು, ಕರೆಂಟ್ ಎಳೆಯುವ ಸೆನ್ಸರ್ ಇದ್ದರೆ ಅದನ್ನೂ ಆರಿಸಬೇಕು. ರಾತ್ರಿ ಹನ್ನೊಂದೂವರೆಗೆ ಗುಂಪಿಗೆ ಮೆಸೇಜ್ ಹಾಕಿದೆ. ಐದು ನಿಮಿಷದಲ್ಲಿ ನಾಲ್ಕೂ ಜನ ಎದ್ದಿದ್ದರು.

ಇದು ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ. ನಿಯಮಗಳನ್ನು ಪ್ರಾಮಾಣಿಕವಾಗಿ ಕಟ್ಟಿರುವುದರಿಂದ ನಮ್ಮ ಲೆಕ್ಕದಿಂದಲೇ ಹುಟ್ಟಿಕೊಂಡಿತು. ಸಂಗಾತಿಯನ್ನು ಬಿಟ್ಟರೆ ದೂರ ಹೋಗಬಹುದು ಅನ್ನುವ ಆಸೆ ಹಡಗಿನ ಮೈಯಲ್ಲೇ ಬಂದು ಕೂತಿತು. ಒಳ್ಳೆಯ ಡಿಸೈನ್ ಪುಸ್ತಕದಿಂದ ನಾನು ಬಯಸುವುದು ಇದನ್ನೇ.

ಇನ್ನು ಕೊರತೆ. ಬ್ರೇಕ್‌ಅವೇ ಹಲ್‌ಗೆ ಕೊಟ್ಟಿರುವ ಆ ಒಂದು ಪ್ಯಾರಾ ಸಾಲದು. ತೋಪು, ಕವಚ, ನಿಲ್ದಾಣಗಳು, ಸಿದ್ಧ ಹಡಗುಗಳು, ಅವುಗಳ ಪ್ಲಾನು ಇವಕ್ಕೆಲ್ಲ ಪುಟಗಟ್ಟಲೆ ಇದೆ. ಎರಡಾಗುವ ಹಡಗನ್ನು ಹೆಜ್ಜೆ ಹೆಜ್ಜೆಯಾಗಿ ಕಟ್ಟಿ ತೋರಿಸುವ ಒಂದು ಉದಾಹರಣೆ ಇದ್ದಿದ್ದರೆ ಹೊಸಬರಿಗೆ ಎಷ್ಟೋ ಸಹಾಯ ಆಗುತ್ತಿತ್ತು. ನಾವು ಎರಡು ಡ್ರಾಯಿಂಗ್ ಹರಿದು ಹಾಕಿದ ಮೇಲೆ ಮೂರನೆಯದು ಸರಿಯಾಯಿತು. ಮೊದಲನೆಯದರಲ್ಲಿ ಜಂಪ್ ಡ್ರೈವನ್ನು ಕರಿಯನ 300 ಟನ್ನಿಗೆ ಮಾತ್ರ ಲೆಕ್ಕ ಹಾಕಿದ್ದೆವು. ಕೆಂಚನನ್ನು ಜೊತೆಗೆ ಎಳೆದುಕೊಂಡು ಹೋಗಬೇಕಾದರೆ 400ಕ್ಕೆ ಹಾಕಬೇಕು ಅಂತ ಆಮೇಲೆ ಹೊಳೆಯಿತು. ನೀವು ಕಟ್ಟುವವರಾದರೆ ಪ್ರತಿ ಭಾಗಕ್ಕೆ ಒಂದು ಹಾಳೆ, ಜೋಡಿಗೆ ಒಂದು ಹಾಳೆ, ಹೀಗೆ ಮೂರು ಹಾಳೆ ಇಟ್ಟುಕೊಳ್ಳಿ. ಒಂದೇ ಹಾಳೆಯಲ್ಲಿ ಮಾಡಲು ಹೋದರೆ ಖಂಡಿತ ತಪ್ಪುತ್ತದೆ.

ಲೆಕ್ಕ ಇಷ್ಟವಿಲ್ಲದವರಿಗೆ ಈ ಪುಸ್ತಕ ಬೇಡ. ಸಿದ್ಧ ಹಡಗು ತೆಗೆದುಕೊಂಡು ಆಡಿದರೂ ಟ್ರಾವೆಲರ್ ಚೆನ್ನಾಗಿಯೇ ಇರುತ್ತದೆ. 200 ಟನ್ನಿನ ಫ್ರೀ ಟ್ರೇಡರ್ ಹತ್ತಿ ಎಷ್ಟೋ ಜನ ಎಷ್ಟೋ ವರ್ಷದಿಂದ ಆಡುತ್ತಿದ್ದಾರೆ.

ಮೂರನೇ ಡ್ರಾಯಿಂಗ್ ಮುಗಿದ ದಿನ ಹುಡುಗಿ ಕೆಂಪು ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದಳು: ‘ಅಂಕಲ್, ಬೇರೆ ಮಾಡೋ ಲಿವರ್ ಯಾವ ಕಡೆ ಇರುತ್ತೆ? ಕೆಂಚನಲ್ಲಾ, ಕರಿಯನಲ್ಲಾ?’

ನಾನು ಪುಟ ತಿರುವಿದೆ. ಅದಕ್ಕೆ ಉತ್ತರ ಇರಲಿಲ್ಲ. ನನಗೆ ನಮ್ಮ ಊರಿನ ರೈಲು ನೆನಪಾಯಿತು. ನಾನೂ ತಂಗಿಯೂ ಕುಮಟಾದವರು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಿಂದ ರಾತ್ರಿ ಹೊರಡುತ್ತಿದ್ದ ಗಾಡಿ ಮಂಗಳೂರಿನವರೆಗೆ ಒಂದೇ ಆಗಿ ಬಂದು, ಅಲ್ಲಿ ಎರಡಾಗುತ್ತಿತ್ತು. ಅರ್ಧ ಕಾರವಾರಕ್ಕೆ, ಅರ್ಧ ಕಣ್ಣೂರಿಗೆ. ಅಮ್ಮ ಪ್ರತಿ ಸಲ ಫೋನಿನಲ್ಲಿ ಹೇಳುತ್ತಿದ್ದಳು, ‘ಕಾರವಾರದ ಬೋಗಿ ನೋಡ್ಕೊಂಡೇ ಹತ್ತು, ಬೆಳಿಗ್ಗೆ ಎದ್ದು ಕೇರಳ ನೋಡಬೇಡ’ ಅಂತ. ಗೆಳೆಯರ ಜೊತೆ ಮಾತಾಡುತ್ತಾ ಆ ಕಡೆಯ ಬೋಗಿಯಲ್ಲಿ ಕೂತಿದ್ದರೂ, ಮಂಗಳೂರು ಬರುವ ಮೊದಲು ಎದ್ದು ಈ ಕಡೆ ಬಂದುಬಿಡಬೇಕು. ಗಾಡಿ ನಿಂತು, ಕೊಂಡಿ ಕಳಚುವಾಗ ಒಂದು ಸಣ್ಣ ಜರ್ಕ್ ಬರುತ್ತಿತ್ತು. ಅರೆನಿದ್ದೆಯಲ್ಲೂ ಕೈ ತಾನಾಗಿ ಬ್ಯಾಗ್ ಹಿಡಿದುಕೊಳ್ಳುತ್ತಿತ್ತು.

ಇದನ್ನು ಹೇಳಿದೆ. ತಂಗಿ ನಕ್ಕು, ‘ಹಾಗಾದ್ರೆ ಎರಡೂ ಕಡೆ ಇರಲಿ ಅಣ್ಣಾ. ಎರಡೂ ಬ್ರಿಡ್ಜ್‌ನಲ್ಲಿ ಒಬ್ಬೊಬ್ಬರು ನಿಂತು ಒಟ್ಟಿಗೆ ಎಳೆದರೆ ಮಾತ್ರ ಬಿಚ್ಚಬೇಕು. ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರು ಬಿಟ್ಟು ಹೋಗೋ ಹಾಗಿರಬಾರದು’ ಅಂದಳು. ಎಲ್ಲರೂ ಒಪ್ಪಿದರು. ಹಾಳೆಯ ಅಂಚಿನಲ್ಲಿ ಬರೆದುಕೊಂಡೆವು. ಪುಸ್ತಕದ್ದಲ್ಲ, ನಮ್ಮ ಮನೆಯ ನಿಯಮ.

ಜೂನ್ ತಿಂಗಳ ಒಂದು ಭಾನುವಾರ ಅದು ಬೇಕಾಯಿತು. ಕಥೆಯಲ್ಲಿ ಒಂದು ಗಣಿ ಊರು. ಗಾಳಿ ಶುದ್ಧ ಮಾಡುವ ಯಂತ್ರ ಕೆಟ್ಟು ಜನ ಮಲಗಿದ್ದಾರೆ. ಔಷಧಿ ಕರಿಯನ ಹೊಟ್ಟೆಯಲ್ಲಿದೆ. ಊರು ಮೂರು ಪಾರ್ಸೆಕ್ ದೂರ. ಜೋಡಿಯಾಗಿ ಹೋದರೆ ಮೊದಲು ಎರಡು, ಆಮೇಲೆ ಒಂದು, ಎರಡು ಜಂಪ್. ಎರಡು ವಾರ, ನಡುವೆ ಇಂಧನ ತುಂಬುವ ದಿನಗಳು ಬೇರೆ. ಕರಿಯ ಒಬ್ಬನೇ ಆದರೆ ಒಂದೇ ವಾರ. ಆ ಜನರಿಗೆ ಇದ್ದದ್ದು ಹತ್ತು ದಿನ.

ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ನಾನು ಸುಮ್ಮನಿದ್ದೆ, ರೆಫರಿ ಆಗ ಮಾತಾಡಬಾರದು. ಡ್ರಾಫ್ಟ್ಸ್‌ಮನ್ ಮೆಲ್ಲಗೆ, ‘ಕೆಂಚನ್ನ ಖಾಲಿ ಬಿಟ್ಟು ಹೋಗೋಣ’ ಅಂದ. ಹುಡುಗಿ ಹಾಳೆಯ ಅಂಚು ತೋರಿಸಿದಳು. ಲಿವರ್ ಎರಡೂ ಕಡೆ ಎಳೆಯಬೇಕು. ಎಳೆದವರು ಸ್ಪೇಸ್ ಸೂಟ್ ಹಾಕಿ ದಾಟಿ ಬರಬಹುದಿತ್ತು, ಅಷ್ಟು ಸಮಯ ನಾನು ಕೊಡುತ್ತಿದ್ದೆ. ಆದರೆ ಅಂಥ ಕಡೆ ಯಾರೂ ಇಲ್ಲದ ಹಡಗು ಬಿಟ್ಟು ಹೋದರೆ ವಾಪಸ್ ಬರುವಾಗ ಅಲ್ಲೇ ಇರುತ್ತೆ ಅಂತ ಹೇಳುವವರು ಯಾರು?

ತಂಗಿ ತನ್ನ ಗೊಂಬೆಯನ್ನು ಎತ್ತಿ ಕೆಂಪು ಪಟ್ಟಿ ದಾಟಿಸಿ ಕೆಂಚನ ಬ್ರಿಡ್ಜ್‌ನಲ್ಲಿ ಇಟ್ಟಳು. ಅವಳ ಗಂಡ ಕರಿಯನ ಎಂಜಿನಿಯರ್. ಅವರು ಅವಳ ಮುಖ ನೋಡಿದರು. ಆಮೇಲೆ ತಮ್ಮ ಕೈ ಲಿವರಿನ ಚೌಕದ ಮೇಲೆ ಇಟ್ಟರು. ‘ಒಂದು, ಎರಡು’ ಅಂತ ಅವಳೇ ಎಣಿಸಿದಳು. ಡ್ರಾಫ್ಟ್ಸ್‌ಮನ್ ಹಾಳೆಯನ್ನು ಕೆಂಪು ಪಟ್ಟಿಯ ನಡುವೆ ಮಡಿಸಿ, ಉಗುರಿನಿಂದ ಗೀರಿ, ನಿಧಾನವಾಗಿ ಹರಿದ. ಐದು ತಿಂಗಳು ಕೂತು ಬಿಡಿಸಿದ ಹಾಳೆ ಅದು. ದೊಡ್ಡ ತುಂಡನ್ನು ಮೇಜಿನಿಂದ ತೆಗೆದು ಪಕ್ಕದ ಕೋಣೆಯಲ್ಲಿ ಇಟ್ಟು ಬಂದ.

ಒಂದು ವಾರ ಹೋಗಲು, ಒಂದು ವಾರ ಬರಲು, ಅಲ್ಲಿ ಇಂಧನ ತುಂಬಲು ಒಂದೆರಡು ದಿನ. ಅಷ್ಟೂ ದಿನ ಅವಳಿಗೆ ಯಾವ ಸುದ್ದಿಯೂ ಬರುವುದಿಲ್ಲ. ಬದುಕಿದರಾ, ಜಂಪ್ ಸರಿಯಾಯಿತಾ, ಏನೂ ಗೊತ್ತಾಗುವುದಿಲ್ಲ.

ತಂಗಿ ತನ್ನ ದುಡ್ಡಿನ ಪುಸ್ತಕ ತೆರೆದು ಹೊಸ ಪುಟದಲ್ಲಿ ಬರೆಯಲು ಶುರು ಮಾಡಿದಳು. ಕೆಂಚನ 5 ಟನ್ನಿನ ಪ್ಲಾಂಟಿಗೆ ನಾಲ್ಕು ವಾರಕ್ಕೆ ಅರ್ಧ ಟನ್ ಇಂಧನ. ಟ್ಯಾಂಕಿನಲ್ಲಿ ಒಂದು ಟನ್. ಎಂಟು ವಾರ ಅಂತ ಬರೆದು ಕೆಳಗೆ ಗೆರೆ ಎಳೆದಳು. ಆಮೇಲೆ ಅಡುಗೆಮನೆಯಲ್ಲಿ ಟೀ ಮಾಡುತ್ತಿದ್ದ ಗಂಡನನ್ನು ಕೂಗಿ ಕೇಳಿದಳು, ‘ರೀ, ಹಿಂದಿನ ಸಲ ಬಂದರಿನಲ್ಲಿ ರೇಷನ್ ತಂದ್ವಲ್ಲ, ಅದನ್ನ ಎಲ್ಲಿ ಇಟ್ಟಿದ್ರಿ, ಕೆಂಚನಲ್ಲಾ, ಕರಿಯನಲ್ಲಾ?’

ಅಡುಗೆಮನೆಯಿಂದ ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ.